ಚಗಳಿಯ ಹುಳಿ

ಹುಣಸೆ, ನಿಂಬೆ, ಅಮಟೆ, ವಾಟೆಹುಳಿ, ಮಾವಿನಮಿಡಿ ಇಷ್ಟೆಲ್ಲ ಇದ್ದೂ ಮಲೆನಾಡಿನವರು ಹುಳಿ ಹುಡುಕಿಕೊಂಡು ಮರದ ಮೇಲಿನ ಕೆಂಪಿರುವೆ ಚಗಳಿಯ ತನಕ ಹೋದರು. ಬಡತನವೇ ಇದಕ್ಕೆ ಕಾರಣ ಎನ್ನುವವರು ಚಗಳಿ ಚಟ್ನಿಯ ರುಚಿ ನೋಡಿದವರಲ್ಲ. ನಿಂಬೆಯ ಹುಳಿ ನಾಲಿಗೆಯಲ್ಲೇ ನಿಲ್ಲುತ್ತದೆ, ಇದು ಮೂಗಿಗೂ ಹತ್ತುತ್ತದೆ. ಕಾರಣ ಫಾರ್ಮಿಕ್ ಆಮ್ಲ. ಚಗಳಿ ಕಚ್ಚಿದ ಮೇಲೆ ಹಿಂಭಾಗ ಬಗ್ಗಿಸಿ ಗಾಯಕ್ಕೆ ಸಿಡಿಸುವುದೂ ಅದನ್ನೇ.

ಮಾವು, ಗೇರು, ಕಾಫಿ ಗಿಡಗಳಲ್ಲಿ ಹಸಿ ಎಲೆಗಳನ್ನು ಸೇರಿಸಿ ಹೊಲಿದಂತಿರುವ ಗೂಡು ಇದರದು. ಒಂದರ ಸೊಂಟ ಒಂದು ಹಿಡಿದು ಸರಪಳಿ ಕಟ್ಟಿ ಎಲೆ ಎಳೆಯುತ್ತವೆ. ಅಂಟಿಸುವ ರೇಷ್ಮೆ ಮಾತ್ರ ದೊಡ್ಡವುಗಳ ಬಳಿ ಇಲ್ಲ; ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ಹಿಡಿದು ಎಲೆಯಂಚಿಗೆ ಮುಟ್ಟಿಸುತ್ತ ಹೋಗುತ್ತವೆ. ರೇಷ್ಮೆಯೆಲ್ಲ ಮನೆ ಕಟ್ಟಲು ಖರ್ಚಾಗುವುದರಿಂದ ಮರಿಹುಳು ಇರುವೆಯಾಗುವ ನಡುವಿನ ಹಂತವಾದ ಕೋಶಕ್ಕೆ ಇವುಗಳಲ್ಲಿ ಹೊದಿಕೆಯೇ ಇರುವುದಿಲ್ಲ. ಗೂಡು ಬಿಡಿಸಿದಾಗ ಕುಸುಬಲಕ್ಕಿ ಅನ್ನದ ಅಗುಳಿನಂತೆ ಉದುರುವ, ಎಲ್ಲರೂ ಮೊಟ್ಟೆ ಎನ್ನುವ ಆ ಬಿಳಿ ಕಾಳುಗಳಲ್ಲಿ ಹೆಚ್ಚಿನವು ಮರಿಹುಳು ಮತ್ತು ಕೋಶಗಳೇ.

ಗೂಡು ಇಳಿಸುವುದು ಬೆಳಗಿನ ಚಳಿಯಲ್ಲಿ. ಆಗ ಅವು ಮಂಕಾಗಿ ಒಳಗೇ ಇರುತ್ತವೆ. ಬಿಸಿಲೇರಿದರೆ ಅರ್ಧಕ್ಕರ್ಧ ಹೊರಗೆ, ಉಳಿದರ್ಧ ನಿಮ್ಮ ಕತ್ತಿನ ಮೇಲೆ. ಕೈಗೆ ಬೂದಿ ಬಳಿದು, ಚೀಲವನ್ನು ಗೂಡಿನ ಕೆಳಗೆ ಹಿಡಿದು ಗೆಲ್ಲಿನ ಸಮೇತ ಕತ್ತರಿಸಿ, ತಕ್ಷಣ ಬಾಯಿ ಕಟ್ಟಬೇಕು.

ಬಾಣಲೆ ಮೊದಲೇ ಚೆನ್ನಾಗಿ ಕಾದಿರಲಿ. ತಣ್ಣಗಿದ್ದರೆ ಇರುವೆಗಳು ಸೌಟು ಹತ್ತಿ ಬರುತ್ತವೆ. ಸುರಿದ ಕೂಡಲೇ ಏಳುವ ಘಾಟು ಕಣ್ಣು ಉರಿಸುತ್ತದೆ, ಕಿಟಕಿ ತೆರೆದಿಡಿ. ಅಡುಗೆ ಕೆಡುವುದು ಇಲ್ಲೇ. ಈ ಆಮ್ಲ ಹೆಚ್ಚು ಕಡಿಮೆ ನೀರು ಕುದಿಯುವ ಶಾಖದಲ್ಲೇ ಆವಿಯಾಗುತ್ತದೆ, ಆದ್ದರಿಂದ ಹೆಚ್ಚು ಹುರಿದಷ್ಟೂ ಹುಳಿ ಹಾರಿಹೋಗುತ್ತದೆ. ಇರುವೆ ಸತ್ತು, ಮೈ ಒಣಗಿ, ಚಿಟಪಟ ಸದ್ದು ಬಂದರೆ ಸಾಕು, ಇಳಿಸಿಬಿಡಿ. ಚಗಳಿ ಚಟ್ನಿಗೆ ನಿಂಬೆ ಹಿಂಡಿದ್ದಾರೆ ಎಂದರೆ ಒಲೆಯ ಮುಂದಿದ್ದವರು ಎಲ್ಲೋ ಮಾತಿಗೆ ಕೂತಿದ್ದರು ಎಂದೇ ಅರ್ಥ!

ಎಲೆ, ಕಸ ಆರಿಸಿ, ಒಂದು ಹಿಡಿ ಹುರಿದದ್ದನ್ನು ಉಪ್ಪಿನೊಂದಿಗೆ ಮೊದಲು ನುಣ್ಣಗೆ ಅರೆಯಬೇಕು, ಇಲ್ಲದಿದ್ದರೆ ಕಾಲುಗಳು ಹಲ್ಲಿಗೆ ಸಿಕ್ಕುತ್ತವೆ. ಆಮೇಲೆ ಏಳೆಂಟು ಸೂಜಿಮೆಣಸು, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಸಣ್ಣ ಈರುಳ್ಳಿ, ಅರ್ಧ ಹೋಳಿನ ಕಾಯಿತುರಿ ಹಾಕಿ ತರಿತರಿಯಾಗಿ ಅರೆದು ಗಟ್ಟಿಯಾಗಿಯೇ ತೆಗೆಯಿರಿ. ಅಕ್ಕಿರೊಟ್ಟಿಗೆ ಬಿಸಿಬಿಸಿ ಕಡುಬಿಗಿಂತ ಇದು ಹೆಚ್ಚು ಹೊಂದುತ್ತದೆ.

ಒಡಿಶಾದ ಮಯೂರ್‌ಭಂಜ್‌ನಲ್ಲಿ ಇದೇ ಇರುವೆಯ ‘ಕಾಯಿ’ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಥಾಯ್ಲೆಂಡಿನವರಿಗೆ ಬಿಳಿ ಕಾಳುಗಳೇ ಹಬ್ಬ. ಸಾಕಬೇಕಿಲ್ಲ, ಮೇವು ಹಾಕಬೇಕಿಲ್ಲ ಎಂಬುದು ನಿಜವೇ. ಹಾಗೆಂದು ಕಂಡದ್ದನ್ನೆಲ್ಲ ಇಳಿಸಬಾರದು. ಹಲವು ಮರಗಳ ಹತ್ತಾರು ಗೂಡು ಸೇರಿ ಒಂದೇ ಸಂಸಾರ, ಸಾಮಾನ್ಯವಾಗಿ ಒಬ್ಬಳೇ ರಾಣಿ. ಅವಳ ಗೂಡು ಹೋದರೆ ಇಡೀ ಸಂಸಾರ ಕ್ರಮೇಣ ಅಳಿಯುತ್ತದೆ. ಎಟುಕುವ ಕೆಲವನ್ನು ಇಳಿಸಿ ಎತ್ತರದವನ್ನು ಬಿಟ್ಟರೆ ಕೆಲಸಗಾರ ಇರುವೆಗಳು ಮತ್ತೆ ಹೊಲಿಯುತ್ತವೆ. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ತಿಗಣೆಯನ್ನು ಇವು ಬೇಟೆಯಾಡುವುದರಿಂದ ಗೇರು ಬೆಳೆಗಾರರಿಗೂ ಅದೇ ಲಾಭ. ಕಾಫಿ ತೋಟದವರ ಲೆಕ್ಕ ಬೇರೆ: ಸಿಹಿರಸದ ಆಸೆಗೆ ಹಿಟ್ಟು ತಿಗಣೆಯನ್ನು ಕಾಯುವುದೂ ಇದೇ ಇರುವೆ, ಹಣ್ಣು ಕೊಯ್ಯುವವರನ್ನು ಕಚ್ಚುವುದೂ ಇದೇ. ಅವರು ಗೂಡನ್ನು ಖುಷಿಯಿಂದಲೇ ಕೊಡುತ್ತಾರೆ. ಆ ಗಿಡಕ್ಕೆ ಔಷಧಿ ಹೊಡೆದದ್ದು ಯಾವಾಗ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ.