ಓದಬ್ಯಾಡ ಅಂದ್ರೂ ಓದಸ್ತಾರ್ರೀ

ಬಸ್ಸಿನ್ಯಾಗ ಕುಂತು ಏನೂ ಓದಬ್ಯಾಡ, ಮೊಬೈಲೂ ನೋಡಬ್ಯಾಡ, ದೂರ ಗುಡ್ಡದ ಕಡೆ ನೋಡ್ಕೋತ ಕುಂದ್ರು ಅಂತ ಡಾಕ್ಟರು ಹೇಳ್ಯಾರ್ರಿ ನನಗ. ಮಾತು ಖರೇನ ಐತಿ. ಕಿವಿಯೊಳಗ ಒಂದು ಸಣ್ಣ ವ್ಯವಸ್ಥಾ ಇರ್ತೈತಿ, ಮೈ ಎತ್ತಾಗ ಹೊಳ್ಳಾಕತ್ತೈತಿ, ಎಷ್ಟು ಜೋಲಿ ಹೊಡ್ಯಾಕತ್ತೈತಿ ಅಂತ ಅದು ಮಿದುಳಿಗೆ ವರದಿ ಕೊಡ್ತೈತಿ, ಕಣ್ಣು ಮಾತ್ರ ಎದುರಿನ ಅಕ್ಷರ ನೋಡ್ಕೋತ ‘ಏನೂ ಅಳ್ಳಾಡವಲ್ದು, ಎಲ್ಲಾ ನಿಂತಲ್ಲೇ ನಿಂತೈತಿ’ ಅಂತ ಇನ್ನೊಂದು ವರದಿ ಕಳಸ್ತೈತಿ, ಇವರಿಬ್ಬರ ಜಗಳದಾಗ ಯಾರ ತಂಟೆಕ್ಕೂ ಹೋಗದ ಹೊಟ್ಟಿ ತೊಳಸಾಕ ಶುರು ಮಾಡ್ತೈತಿ. ಹೊರಗ ನೋಡಿದ್ರ ಕಣ್ಣೂ ಕಿವೀನೂ ಒಂದ ಮಾತು ಹೇಳ್ತಾವು, ಹೊಟ್ಟಿ ಸುಮ್ಮನಿರ್ತೈತಿ.

ಆದ್ರ ಹೊರಗ ನೋಡಾಕ ಎಲ್ಲಿ ಬಿಡ್ತಾರ? ಬಾಗಲಕೋಟಿ ಸ್ಟ್ಯಾಂಡಿನ್ಯಾಗ ಬೆಳಗಾವಿ ಬಸ್ ಹತ್ತಿ, ಟವೆಲ್ ಒಗದು ಕಿಟಕಿ ಸೀಟು ಹಿಡದು ಕುಂತ್ರ, ಎದುರಿನ ಸೀಟಿನ ಬೆನ್ನಿಗೆ, ನನ್ನ ಮೂಗಿಗೆ ಒಂದು ಗೇಣು ದೂರದಾಗ, ಹಳದಿ ಸ್ಟಿಕ್ಕರು: ‘ಮೂಲವ್ಯಾಧಿ, ಭಗಂದರ, ಆಪರೇಷನ್ ಇಲ್ಲದೇ ಗುಣ!’ ಬ್ಯಾಡ ಅಂತ ಕಣ್ಣು ಮ್ಯಾಲೆತ್ತಿದ್ರ ಕಿಟಕಿ ಪಟ್ಟಿ ಮ್ಯಾಲ ‘ಮನೆಯಲ್ಲೇ ಕುಳಿತು ಹಣ ಗಳಿಸಿ’. ಅಲ್ಲೋ ಮಾರಾಯಾ, ಮನ್ಯಾಗ ಕುಂದ್ರೂ ಯೋಗ ನನಗಿದ್ದಿದ್ರ ಈ ಬಸ್ ಯಾಕ ಹತ್ತತಿದ್ದೆ. ಒಮ್ಮೆ ಅಕ್ಷರ ಕಲಿತ ಮ್ಯಾಲ ಕಣ್ಣಿಗೆ ಬಿದ್ದದ್ದನ್ನ ಓದದ ಬಿಡಾಕ ಬರೂದಿಲ್ಲ, ಅದು ನಮ್ಮ ಕೈಯಾಗಿಲ್ಲ. ಮೂಲವ್ಯಾಧಿ ಸ್ಟಿಕ್ಕರಿನ ಫೋನ್ ನಂಬರಿನ್ಯಾಗ ಕಡೀ ಎರಡು ಅಂಕಿ ಯಾರೋ ಉಗುರಿನಿಂದ ಕೆರದು ತಗದಿದ್ರು. ಅವು ಏನಿರಬಹುದು, ಕೆರದಾವ ಗುಣ ಆಗಿ ಕೆರದನೋ ಆಗಲಾರದ್ದಕ್ಕ ಸಿಟ್ಟಿಗೆದ್ದು ಕೆರದನೋ ಅಂತ ವಿಚಾರ ಮಾಡೂದ್ರಾಗ ಗದ್ದನಕೇರಿ ಕ್ರಾಸ್ ದಾಟಿತ್ತು, ಬಾಯಾಗ ನೀರು ಬರಾಕತ್ತಿತ್ತು.

ಹೊರಗ ಇಣುಕಿದ್ರ ಅಲ್ಲೂ ಬಿಡುಗಡಿ ಇಲ್ಲ. ಹೊಲದಾಗಿನ ಪಂಪ್ ಮನಿ ಗ್ವಾಡಿ ಮ್ಯಾಲ ಸಿಮೆಂಟು, ಸಾಲಿ ಕಂಪೌಂಡ್ ಮ್ಯಾಲ ಗೊಬ್ಬರ, ನೀರಿನ ಟಾಕಿ ಮ್ಯಾಲ ಬನಿಯನ್ನು, ಲೈಟ್ ಕಂಬಕ್ಕ ‘ಕುಡಿತ ಬಿಡಿಸಲಾಗುವುದು’. ಕಬ್ಬಿನ ಸೀಜನ್ ಬ್ಯಾರೆ, ಲೋಕಾಪುರ ಹಾದ್ಯಾಗ ಎರಡೆರಡು ಟ್ರೇಲರ್ ಜೋಡಿಸ್ಕೊಂಡ ಟ್ರ್ಯಾಕ್ಟರ್ ಸಾಲು, ನಮ್ಮ ಡ್ರೈವರಣ್ಣ ಬ್ರೇಕ್ ಒತ್ತೂದು, ಬಲಕ್ಕ ಹೊಳ್ಳೂದು, ಎದುರಿಗೆ ಲಾರಿ ಕಂಡ ಕೂಡ್ಲೆ ಮತ್ತ ಎಡಕ್ಕ ಸೇರೂದು. ಅವನಿಗೆ ಮಾತ್ರ ಏನೂ ಆಗೂದಿಲ್ಲ ನೋಡ್ರಿ, ಯಾಕಂದ್ರ ಸ್ಟೇರಿಂಗ್ ಅವನ ಕೈಯಾಗ, ಗಾಡಿ ಎತ್ತಾಗ ಹೊಳ್ಳತೈತಿ ಅಂತ ಅವನ ಮೈಗೆ ಮೊದಲ ಗೊತ್ತಿರ್ತೈತಿ. ಜಾಹೀರಾತು ಓದೂ ಕೆಲಸಾನೂ ಅವಗಿಲ್ಲ.

ಅವೋಮಿನ್ ಗುಳಿಗಿ ತಗೋಬೇಕಿತ್ತು ಅಂತೀರಿ. ಅದನ್ನ ಬಸ್ ಹತ್ತೂಕಿಂತ ಮೊದಲ ನುಂಗಬೇಕು, ಹೊಟ್ಟಿ ತೊಳಸಾಕ ಹತ್ತಿದ ಮ್ಯಾಲ ನುಂಗಿದ್ರ ಗುಳಿಗೀನೂ ಅದರ ಜೋಡೀನ ಹೊರಗ ಬರ್ತೈತಿ. ಮತ್ತ ಅದು ನಿದ್ದಿ ತರ್ತೈತಿ. ‘ತಮ್ಮನ ನಿಶ್ಚಯಕ್ಕ ಹೊಂಟಿ, ಬೀಗರ ಮುಂದ ತೂಕಡಿಸ್ಕೋತ ಕುಂತ್ರ ಕುಡದು ಬಂದಾನ ಅಂತಾರ, ಬ್ಯಾಡ’ ಅಂದಿದ್ಳು ಅವ್ವ. ಕುಡಿತ ಬಿಡಿಸೂ ಕಂಬ ಆಗಲೇ ಹಿಂದ ಹೋಗಿತ್ತು.

ಯರಗಟ್ಟಿ ಬರೂದ್ರಾಗ ತಡ್ಯಾಕ ಆಗಲಿಲ್ಲ. ಕಿಟಕಿ ಗಾಜು ಜಾಮ್ ಆಗಿ ನಾಕು ಬಟ್ಟಿನ ಮ್ಯಾಲ ಸರಿಯವಲ್ದು, ಅಷ್ಟು ಸಂದ್ಯಾಗ ನನ್ನ ಮಾರಿ ಹೋಗೂದಿಲ್ಲ. ಬಾಜೂಕ ಕುಂತಿದ್ದ ಆಯಿ ನನ್ನ ಬಣ್ಣ ನೋಡಿ ತನ್ನ ಗಂಟಿನ್ಯಾಗಿಂದ ಸೀರಿ ಅಂಗಡಿ ಚೀಲ ಒಂದು ತಗದು ಕೊಟ್ಳು.

‘ತಗೊ ತಮ್ಮಾ, ಇದರಾಗ ಮಾಡು. ಮೊಮ್ಮಗಳ ಮದುವಿ ಜವಳಿ ತಂದ ಚೀಲ, ಗಟ್ಟಿ ಐತಿ.’

ವಿಮಾನದಾಗ ಇದಕ್ಕಂತನ ಬ್ಯಾರೆ ಚೀಲ ಇಟ್ಟಿರ್ತಾರ, ಒಳಗ ಪ್ಲಾಸ್ಟಿಕ್ ಅಸ್ತರಿ ಇರೂ ಅಂಥಾದ್ದನ್ನ 1949ರಾಗ ಗಿಲ್ಮೋರ್ ಶೆಲ್ಡಾಲ್ ಅನ್ನೂ ಅಮೇರಿಕಾದಾವ ಮಾಡಿದ. 2006ರಾಗ ಯುಎಸ್ ಏರ್‌ವೇಸ್‌ನವ್ರು ಆ ವಾಂತಿ ಚೀಲದ ಮ್ಯಾಲೂ ಜಾಹೀರಾತಿಗೆ ಜಾಗ ಮಾರ್ತೀವಿ ಅಂದಿದ್ರು. ಅದನ್ನ ಕೇಳಿ ಜಗತ್ತೆಲ್ಲಾ ನಕ್ಕಿದ್ದರೂ ನಕ್ಕಿರಬಹುದು, ನಮಗೇನ್ರಿ ಹೊಸಾದು, ಜಾಹೀರಾತಿಲ್ಲದ ಚೀಲದಾಗ ಕಾರ್ಕೊಂಡವ ನಮ್ಮ ಕಡೆ ಯಾವನದಾನ? ನನ್ನ ಚೀಲದ ಮ್ಯಾಲ ದಪ್ಪ ಕೆಂಪು ಅಕ್ಷರದಾಗ ಅಂಗಡಿ ಹೆಸರು, ಅದರ ಕೆಳಗ ‘ರೇಷ್ಮೆ ಸೀರೆಗಳ ಭವ್ಯ ಮಳಿಗೆ’, ಇನ್ನೂ ಕೆಳಗ ಕೈ ಮುಗದ ಹೆಣ್ಣುಮಗಳ ಚಿತ್ರ, ‘ಮತ್ತೊಮ್ಮೆ ಬನ್ನಿ’. ಅಕಿ ಹೇಳಿಧಂಗ ಮತ್ತೊಮ್ಮೆ ಬಂತು.

ಇಲ್ಲೇ ಒಂದು ಸೂಕ್ಷ್ಮ ಐತಿ. 2016ರಾಗ ನಮ್ಮ ರಾಜ್ಯದಾಗ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಬಂದ್ ಮಾಡಿದ್ರು, ಚಲೋ ಕೆಲಸ, ನನ್ನ ತಕರಾರಿಲ್ಲ. ಆದ್ರ ಆವಾಗಿಂದ ಅಂಗಡ್ಯಾವ್ರು ಕೊಡೂ ಬಟ್ಟಿಯಂಥಾ ಚೀಲ ಎಷ್ಟ ಗಟ್ಟಿ ಇದ್ರೂ ನೀರು ಹಿಡ್ಯೂದಿಲ್ಲ, ಜಲ್ಲಡಿ ಹಂಗ ಸೋಸ್ತೈತಿ. ನಾ ಅದನ್ನ ತೊಡಿ ಮ್ಯಾಲ ಇಟ್ಕೊಂಡು ನೇಸರಗಿತನಕ ಕಣ್ಣು ಮುಚ್ಚಿ ಕುಂತಿದ್ದೆ. ಹಾಕ್ಕೊಂಡಿದ್ದು ನಿಶ್ಚಯಕ್ಕಂತ ಹೊಲಿಸಿದ ಬಿಳೀ ಪ್ಯಾಂಟು. ಬೆಳಗಾವಿ ಬಸ್ ಸ್ಟ್ಯಾಂಡಿನ್ಯಾಗ ಇಳದು ಚೀಲ ಡಬ್ಬಿಗೆ ಒಗದು, ನಳದ ಕೆಳಗ ತೊಳಕೊಂಡು ನೋಡ್ತೀನಿ, ವಾಸನಿ ಹೋತು, ಕಲೀನೂ ಹೋತು, ಆ ಕೆಂಪು ಬಣ್ಣ ಮಾತ್ರ ಬಲಗಾಲ ತೊಡಿ ಮ್ಯಾಲ ಅಚ್ಚಾಗಿ ಕುಂತಿತ್ತು, ಅಂಗಡಿ ಹೆಸರು ಉಲ್ಟಾ, ಕೈ ಮುಗದಾಕಿ ಉಲ್ಟಾ, ತಿಕ್ಕಿದಷ್ಟೂ ಮಿಂಚಾಕತ್ತು.

ಸೀಟಿನ ಬೆನ್ನು, ಪಂಪ್ ಮನಿ, ಕಂಬ ಎಲ್ಲಾ ಆದ ಮ್ಯಾಲ ಜಾಹೀರಾತಿನವ್ರಿಗೆ ಉಳದಿದ್ದ ಜಾಗ ನಾನ ಇರಬೇಕು. ಆಟೋದಾವ ಮೀಟರ್ ಬಿಟ್ಟು ನನ್ನ ತೊಡಿ ನೋಡಿದ. ನಿಶ್ಚಯದ ಮನ್ಯಾಗ ಟವೆಲ್ ಮುಚ್ಕೊಂಡು ಕುಂತೆ, ಉಪ್ಪಿಟ್ಟು ಕೊಡಾಕ ಬಂದ ಹುಡುಗ ಕೈ ಒರಸ್ಕೊಳ್ಳಾಕಂತ ಅದನ್ನ ಇಸ್ಕೊಂಡು ಹ್ವಾದ. ಬೀಗರ ಕಡೀ ಹಿರಿ ಕಾಕಾ ಒಬ್ರು ಕುಂದಾ ತಿನ್ಕೋತ ಬಾಳೊತ್ತು ಕುತ್ತಿಗಿ ವಾರಿ ಮಾಡಿ ಓದಿದ್ರು, ಆಮ್ಯಾಲ ಖುರ್ಚಿ ನನ್ನ ಕಡೆ ಸರಸ್ಕೊಂಡ್ರು.

‘ಈ ಅಂಗಡ್ಯಾಗ ಇಳಕಲ್ ಸೀರಿ ರೇಟು ಹೆಂಗ ಹಚ್ಚೀರಿ? ಜವಳಿ ನಿಮ್ಮಲ್ಲೇ ಮಾಡಿದ್ರ ನಮಗೇನರ ಕಡಿಮಿ ಮಾಡ್ತೀರೇನು?’