ವರಲಕ್ಷ್ಮಿಯನ್ನು ಮರೆತುಬಿಟ್ರಾ?

ಕಿರುತೆರೆಯ ನಗೆ ಪಾತ್ರಗಳ ಬಗ್ಗೆ ನೀವು ಲೇಖನ ಬರೆದದ್ದು ಖುಷಿಯಾಯಿತು. ಆದರೆ ‘ಮಜಾ ಟಾಕೀಸ್’ ಹಾಸ್ಯ ಶೋ ವಿಷಯ ಬಂದಾಗ ಸೃಜನ್ ಲೋಕೇಶ್, ಕುರಿ ಪ್ರತಾಪ್ ಇಬ್ಬರಲ್ಲೇ ಮುಗಿಸಿಬಿಟ್ಟಿದ್ದೀರಿ. ಅದರಲ್ಲಿ ನಿರೂಪಕಿ ಅಪರ್ಣಾ ಮಾಡಿದ ವರಲಕ್ಷ್ಮಿ ಪಾತ್ರ ಎಲ್ಲಿ ಸ್ವಾಮಿ?

2015ರಲ್ಲಿ ಆ ಶೋ ಶುರುವಾದಾಗ ನಮ್ಮಮ್ಮ ನಂಬಲೇ ಇಲ್ಲ. ‘ಇವರು ನಮ್ಮ ದೂರದರ್ಶನದ ಅಪರ್ಣಾ ಅಲ್ವಾ?’ ಅಂತ ಎರಡೆರಡು ಸಲ ಕೇಳಿದರು. ಅಮ್ಮನ ಆಶ್ಚರ್ಯ ಸಹಜವೇ. ವರ್ಷಗಟ್ಟಲೆ ಗಂಭೀರ ಸಮಾರಂಭಗಳ ನಿರೂಪಣೆ ಮಾಡಿದವರು. ಅಕಾರ ಹಕಾರ ಎಲ್ಲೂ ತಪ್ಪದ ಕನ್ನಡ. ಅಂಥವರು ‘ಒನ್ ಅಂಡ್ ಓನ್ಲಿ ವರಲಕ್ಷ್ಮಿ’ ಅಂತ ಜಂಬ ಕೊಚ್ಚಿಕೊಳ್ಳುತ್ತಾ ಬಂದರೆ ಹೇಗಿರಬೇಡ!

ನನಗೆ ಇಷ್ಟವಾದದ್ದು ಒಂದೇ ವಿಷಯ. ನಗಿಸಬೇಕು ಅಂತ ಅವರು ದನಿಯನ್ನು ಕೆಡಿಸಿಕೊಳ್ಳಲಿಲ್ಲ. ಅದೇ ಸ್ಪಷ್ಟ ಉಚ್ಚಾರಣೆ, ಅದೇ ಠೀವಿ. ಹೇಳುವುದು ಮಾತ್ರ ಪೆದ್ದು ಮಾತು. ನಗು ಹುಟ್ಟುತ್ತಿದ್ದದ್ದೇ ಅಲ್ಲಿ. ಈಗಿನ ರೀಲ್ಸ್‌ನಲ್ಲಿ ವಿಗ್ ಹಾಕಿ, ನೈಟಿ ತೊಟ್ಟು, ಕಿರುಚಿದರೆ ಪಾತ್ರ ಆಯಿತು ಅಂದುಕೊಂಡವರೇ ಜಾಸ್ತಿ. ಎಲ್ಲರೂ ಅಲ್ಲ, ಚೆನ್ನಾಗಿ ಮಾಡುವವರೂ ಇದ್ದಾರೆ ಬಿಡಿ.

ಅಪರ್ಣಾ 2024ರ ಜುಲೈನಲ್ಲಿ ತೀರಿಕೊಂಡರು. ಬೆಂಗಳೂರು ಮೆಟ್ರೋದಲ್ಲಿ ನಿಲ್ದಾಣದ ಹೆಸರು ಹೇಳುತ್ತಿದ್ದ ದನಿಯೂ ಅವರದೇ. ರೈಲಿನಲ್ಲಿ ಅದನ್ನು ಕೇಳಿದಾಗ ನನಗೆ ನೆನಪಾಗುತ್ತಿದ್ದದ್ದು ಮಾತ್ರ ವರಲಕ್ಷ್ಮಿ. ಪಕ್ಕದವರು ‘ಇವನ್ಯಾಕೆ ಸುಮ್ನೆ ನಗ್ತಾನೆ’ ಅಂತ ನೋಡಿದ್ದೂ ಉಂಟು.

ಹಾಂ, ಮುಂದಿನ ಕಂತು ಬರೆದರೆ ‘ಸಿಲ್ಲಿ ಲಲ್ಲಿ’ ಹಾಸ್ಯ ಧಾರಾವಾಹಿಯಲ್ಲಿ ರವಿಶಂಕರ್ ಗೌಡರು ಮಾಡಿದ ಡಾಕ್ಟರ್ ವಿಠಲ್ ರಾವ್‌ಗೂ ನಾಲ್ಕು ಸಾಲು ಇಡಿ.