20 ಸಾವಿರ ವರ್ಷದ ಲೆಕ್ಕ ಕೇಳಿ ನಗುವ ಮುನ್ನ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ.

ನಿನ್ನೆ ನಮ್ಮ ಕೊಡಗಿನ ಗೋಣಿಕೊಪ್ಪದಲ್ಲಿ ಕಾಫಿ ಬೆಳೆಗಾರರ ಸಭೆ ಇತ್ತು. ಬಂದವರಲ್ಲಿ ಹೆಚ್ಚಿನವರು ನನ್ನ ಪರಿಚಯದವರೇ, ಇದನ್ನು ಅವರೂ ಓದುತ್ತಾರೆ, ಓದಲಿ. ನಮ್ಮ ಕಡೆಯದೇ ಒಬ್ಬ ಹುಡುಗಿ, ಸಮುದ್ರದ ಆಳದ ಪ್ರವಾಹಗಳ ಮೇಲೆ ಸಂಶೋಧನೆ ಮಾಡ್ತಿದ್ದಾಳೆ. ರಜೆಗೆ ಬಂದವಳನ್ನು ನಾಲ್ಕು ಮಾತಾಡಮ್ಮ ಅಂತ ಕರೆಸಿದ್ದರು. 20 ಸಾವಿರ ವರ್ಷದ ಹಿಂದಿನ ಹವಾಮಾನವನ್ನು ಕಂಪ್ಯೂಟರ್ ಮಾಡೆಲ್‌ನಲ್ಲಿ ಮತ್ತೆ ಓಡಿಸಿ ನೋಡ್ತೀವಿ ಅಂತ ಅವಳು ಹೇಳಿದ್ದೇ ತಡ, ಮುಂದಿನ ಸಾಲಿನ ಹಿರಿಯರೊಬ್ಬರು, “ಏನಮ್ಮಾ, ನಾಳೆ ಮಳೆ ಬರುತ್ತೋ ಇಲ್ವೋ ಅಂತಲೇ ನಿಮ್ಮೋರಿಗೆ ಹೇಳಕ್ಕಾಗಲ್ಲ, 20 ಸಾವಿರ ವರ್ಷದ ಕಥೆ ಯಾರಿಗೆ ಬೇಕು?” ಅಂದರು. ಹಾಲ್ ಪೂರ್ತಿ ನಗು. “ಅಂಕಲ್, ಒಂದು ನಿಮಿಷ” ಅಂದಳು. ಅಷ್ಟರಲ್ಲಿ ಕಾಫಿ ಬಂತು, ಎಲ್ಲರೂ ಎದ್ದರು.

ನಾಳೆಯ ಮಳೆ ಬೇರೆ, ಹವಾಮಾನ ಬೇರೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ನಮ್ಮ ಜಡಿಮಳೆ ತಿಂಗಳಲ್ಲಿ, ಯಾವ ದಿನ ಎಷ್ಟು ಗಂಟೆಗೆ ಮಳೆ ಬಿಡುತ್ತೆ ಅಂತ ಯಾರೂ ಹೇಳಲಾರರು. ಆದರೆ ಕಕ್ಕಡದಲ್ಲಿ ಒಗೆದ ಬಟ್ಟೆ ಬೆಂಕಿ ಹತ್ತಿರ ಹಾಕದೆ ಒಣಗಲ್ಲ ಅಂತ ನಮ್ಮ ಪ್ರತಿ ಮನೆಗೂ ಗೊತ್ತು. ಅವಳು ಹೇಳಹೊರಟಿದ್ದು ಈ ಎರಡನೇ ಥರದ ವಿಷಯ. ಅದನ್ನೂ ನೀವು ಕೇಳಿಸಿಕೊಳ್ಳಲಿಲ್ಲ.

ಅವಳ ವಿಷಯ ಅಟ್ಲಾಂಟಿಕ್ ಸಾಗರದ ಪ್ರವಾಹ. ಅಟ್ಲಾಂಟಿಕ್ ಎಲ್ಲಿ, ನಮ್ಮೂರ ಕಡೆಯ ಅಮ್ಮತ್ತಿ ಎಲ್ಲಿ ಅನ್ನಬಹುದು. ಗ್ರೀನ್‌ಲ್ಯಾಂಡ್ ಸುತ್ತಮುತ್ತ ಉಪ್ಪುನೀರು ತಣ್ಣಗಾಗಿ, ಭಾರವಾಗಿ, ಎರಡು ಮೂರು ಕಿಲೋಮೀಟರ್ ಆಳಕ್ಕೆ ಇಳಿಯುತ್ತದೆ. ಇಳಿದ ನೀರು ತಳದಲ್ಲೇ ದಕ್ಷಿಣಕ್ಕೆ ಹರಿಯುತ್ತದೆ. ಅದರ ಜಾಗಕ್ಕೆ ಮೇಲ್ಪದರದ ಬಿಸಿನೀರು ಉತ್ತರಕ್ಕೆ ಬರುತ್ತದೆ. ಸೆಕೆಂಡಿಗೆ ಸುಮಾರು 1 ಕೋಟಿ 70 ಲಕ್ಷ ಘನ ಮೀಟರ್ ನೀರಿನ ಓಡಾಟ ಇದು. ಹಿಮ ಕರಗಿ ಸಿಹಿನೀರು ಸೇರಿದರೆ ಮೇಲಿನ ನೀರು ಹಗುರಾಗುತ್ತದೆ, ಇಳಿಯುವುದಿಲ್ಲ, ಸುತ್ತು ನಿಧಾನವಾಗುತ್ತದೆ. ಆಗ ಉತ್ತರ ತಣ್ಣಗಾಗಿ ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಜಾರುತ್ತದೆ. ನಮ್ಮ ಮುಂಗಾರು ಸೊರಗುತ್ತದೆ. ಹಾಗೆ ಸೊರಗಿದ ಗುರುತು ಅರಬ್ಬಿ ಸಮುದ್ರದ ತಳದ ಕೆಸರಿನಲ್ಲೂ ಇದೆ, ಮೇಘಾಲಯದ ಮಾಮ್‌ಲೂ ಗುಹೆಯ ಕಲ್ಲಿನಲ್ಲೂ ಇದೆ.

ಇದನ್ನೆಲ್ಲ ಯಾರು ನೋಡಿಬಂದರು ಅಂತ ಕಾಫಿ ಕುಡಿಯುತ್ತಾ ಒಬ್ಬರು ಕೇಳಿದರು. ಕೇಳಿ, ಹೇಳ್ತೀನಿ. ಸಮುದ್ರದ ನೀರಲ್ಲಿ ಕರಗಿರುವ ಯುರೇನಿಯಂ ಸವೆಯುತ್ತಾ ಎರಡು ಧಾತುಗಳನ್ನು ಹುಟ್ಟಿಸುತ್ತದೆ, ಥೋರಿಯಂ ಮತ್ತು ಪ್ರೊಟಾಕ್ಟಿನಿಯಂ. ಹುಟ್ಟುವ ಪ್ರಮಾಣ ಎಲ್ಲ ಕಡೆ ಒಂದೇ, ಥೋರಿಯಂ 1 ಇದ್ದರೆ ಪ್ರೊಟಾಕ್ಟಿನಿಯಂ 0.093. ಥೋರಿಯಂ ಬೇಗ ಧೂಳಿಗೆ ಅಂಟಿಕೊಂಡು ಅಲ್ಲೇ ತಳಕ್ಕೆ ಬೀಳುತ್ತದೆ. ಪ್ರೊಟಾಕ್ಟಿನಿಯಂ ಅಷ್ಟು ಬೇಗ ಬೀಳುವುದಿಲ್ಲ, ಪ್ರವಾಹ ಇದ್ದರೆ ಅದರ ಜೊತೆ ದೂರ ಹೋಗುತ್ತದೆ. ಹಾಗಾಗಿ ನೀರು ಚೆನ್ನಾಗಿ ಹರಿಯುತ್ತಿದ್ದ ಕಾಲದ ಕೆಸರಿನಲ್ಲಿ ಅದು ಕಡಿಮೆ ಸಿಗುತ್ತದೆ. ಬರ್ಮುಡಾ ಹತ್ತಿರದ ಆಳದಿಂದ ತೆಗೆದ ಕೆಸರನ್ನು ಪದರ ಪದರವಾಗಿ ಅಳೆದಾಗ, ಸುಮಾರು 17,500 ವರ್ಷದ ಹಿಂದಿನ ಪದರಗಳಲ್ಲಿ ಪ್ರಮಾಣ 0.093ರ ಹತ್ತಿರಕ್ಕೆ ಬಂದಿತ್ತು. ಅಂದರೆ ಪ್ರೊಟಾಕ್ಟಿನಿಯಂ ಎಲ್ಲಿಗೂ ಹೋಗಿಲ್ಲ, ಒಯ್ಯುವ ನೀರು ಹೆಚ್ಚುಕಡಿಮೆ ನಿಂತೇಹೋಗಿತ್ತು. 2004ರಲ್ಲಿ ಪ್ರಕಟವಾದ ಕೆಲಸ ಇದು. ಇದನ್ನು ಓದಿದ ರಾತ್ರಿ ನನಗೆ ಆದ ಖುಷಿ ಯಾವ ಕಾಫಿ ರೇಟಿಗೂ ಆಗಿಲ್ಲ.

ಮಾಡೆಲ್ ಅಂದರೆ ಯಾರೋ ಕೂತು ಊಹಿಸಿದ್ದು ಅಲ್ಲ. 1961ರಲ್ಲಿ ಸಾಗರ ವಿಜ್ಞಾನಿ ಹೆನ್ರಿ ಸ್ಟಾಮೆಲ್ ಎರಡೇ ತೊಟ್ಟಿ ನೀರಿನ ಲೆಕ್ಕ ಹಾಕಿ, ಉಪ್ಪು ಮತ್ತು ಶಾಖದ ಜಗಳದಲ್ಲಿ ಇಂಥ ಪ್ರವಾಹಕ್ಕೆ ಎರಡು ಸ್ಥಿರ ಸ್ಥಿತಿಗಳು ಸಾಧ್ಯ ಅಂತ ತೋರಿಸಿದ್ದರು. 1988ರಲ್ಲಿ ಹವಾಮಾನ ವಿಜ್ಞಾನಿಗಳಾದ ಸ್ಯುಕುರೊ ಮನಾಬೆ ಮತ್ತು ರೊನಾಲ್ಡ್ ಸ್ಟೌಫರ್ ಅವರಿಗೆ ಸಾಗರ, ವಾತಾವರಣ ಎರಡೂ ಸೇರಿದ ದೊಡ್ಡ ಮಾಡೆಲ್‌ನಲ್ಲೂ ಅದೇ ಸಿಕ್ಕಿತು: ಒಂದರಲ್ಲಿ ಸುತ್ತು ಓಡುತ್ತದೆ, ಇನ್ನೊಂದರಲ್ಲಿ ಇಲ್ಲ. ಮನಾಬೆಗೆ 2021ರಲ್ಲಿ ನೊಬೆಲ್ ಬಂದಿದೆ.

ನಮ್ಮ ಬೆಳೆಗಾರರಿಗೆ ಮಳೆ ಲೆಕ್ಕ ಹೊಸದಲ್ಲ. ಎಷ್ಟು ಮನೆಗಳಲ್ಲಿ ಅಜ್ಜನ ಕಾಲದ ಮಳೆ ಪುಸ್ತಕ ಇದೆ! ಬೆಳಿಗ್ಗೆ ಎದ್ದು ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಭಾಗ) ಬರೆದಿಟ್ಟಿದ್ದು, ಕಾಫಿ ಹೂ ಅರಳಿಸುವ ಹೂಮಳೆ ಬಂದ ದಿನಕ್ಕೆ ಕೆಂಪು ಶಾಯಿಯ ಗೆರೆ. ನಾನು ಆ ಪುಸ್ತಕಗಳಿಗೆ ಕೈ ಮುಗಿಯುತ್ತೇನೆ. ಆದರೆ ಅವು ಮೂರು ತಲೆಮಾರಿನವು. ಆಳದ ನೀರು ಒಂದು ಸುತ್ತು ಬರಲು ಸಾವಿರ ವರ್ಷದ ಹತ್ತಿರ ಬೇಕು. ಅಟ್ಲಾಂಟಿಕ್‌ನಲ್ಲಿ 26.5 ಡಿಗ್ರಿ ಉತ್ತರದಲ್ಲಿ ಉಪಕರಣ ಇಳಿಬಿಟ್ಟು ಇಡೀ ಸುತ್ತನ್ನು ನಿರಂತರವಾಗಿ ಅಳೆಯಲು ಶುರುಮಾಡಿದ್ದೇ 2004ರಲ್ಲಿ. ಅಷ್ಟು ಚಿಕ್ಕ ಲೆಕ್ಕ ಇಟ್ಟುಕೊಂಡು ಇದು ಸಹಜ ಏರಿಳಿತವೋ ಬದಲಾವಣೆಯೋ ಅಂತ ಹೇಗೆ ಹೇಳುವುದು? ಕೆಸರು ಮತ್ತು ಮಾಡೆಲ್ ಎರಡನ್ನೂ ಪಕ್ಕಪಕ್ಕ ಇಟ್ಟೇ ಹೇಳಬೇಕು. ಆ ಹುಡುಗಿ ಮಾಡುವ ಕೆಲಸ ಅದೇ!

ಬುದ್ಧಿವಂತರೊಬ್ಬರು ಫೋನ್ ಮಾಡಿ ಹೇಳಿದರು, “ಉತ್ತರ ಬರೋ ತನಕ ಸಿಹಿನೀರು ಸುರಿದು ಮಾಡೆಲ್ ಸರಿಮಾಡ್ತಾರಂತೆ.” ಪೂರ್ತಿ ಸುಳ್ಳಲ್ಲ. 21 ಸಾವಿರ ವರ್ಷದ ಹಿಂದಿನಿಂದ ಇವತ್ತಿನವರೆಗೆ ಓಡಿಸಿದ ಒಂದು ಪ್ರಸಿದ್ಧ ಪ್ರಯೋಗ ಇದೆ, ಅದರ ಮೊದಲ ಭಾಗ 2009ರಲ್ಲಿ ಬಂತು. ಅದರಲ್ಲಿ ಕರಗುನೀರಿನ ಪ್ರಮಾಣವನ್ನು ಪುರಾವೆಗೆ ಹೊಂದುವಂತೆ ಆರಿಸಿದ್ದರು. ಇದನ್ನು ಮೊದಲು ಹೇಳಿದವರು ಅವರೇ, ಪ್ರಬಂಧದಲ್ಲೇ ಬರೆದಿದ್ದಾರೆ. ಇನ್ನೂ ಹೇಳ್ತೀನಿ. ಹಿಮಯುಗ ಅತಿ ತೀವ್ರವಾಗಿದ್ದಾಗ, ಸುಮಾರು 20 ಸಾವಿರ ವರ್ಷದ ಹಿಂದೆ, ಅಟ್ಲಾಂಟಿಕ್ ಸುತ್ತು ಈಗಿನಷ್ಟು ಆಳಕ್ಕೆ ಇಳಿಯದೆ ಮೇಲುಮೇಲಕ್ಕೇ ಇತ್ತು ಅಂತ ಕೆಸರು ಹೇಳುತ್ತದೆ, ಹಲವು ಮಾಡೆಲ್‌ಗಳು ಇನ್ನೂ ಆಳಕ್ಕೆ ಇಳಿದಿತ್ತು ಅನ್ನುತ್ತವೆ. ಮಾಡೆಲ್ ಸೋತಿದೆ, ಸೋತದ್ದು ಹಳೆಯ ಕಾಲಕ್ಕೆ ಒಡ್ಡಿದ್ದರಿಂದಲೇ ತಿಳಿಯಿತು. ಪರೀಕ್ಷೆ ಬರೆದು ಅಂಕವನ್ನು ಊರಿಗೆಲ್ಲ ತೋರಿಸುವವರನ್ನು ಮೋಸಗಾರರು ಅನ್ನಬೇಡಿ.

ಸಭೆಯಲ್ಲಿ ನಕ್ಕ ಇದೇ ಗುಂಪಿನವರೇ ಕಳೆದ ತಿಂಗಳು ‘ಸಮುದ್ರ ನಿಲ್ಲಲಿದೆ, ಭಾರತಕ್ಕೆ ಮಳೆಯೇ ಇಲ್ಲ’ ಅನ್ನೋ ವಿಡಿಯೋವನ್ನು ಫಾರ್ವರ್ಡ್ ಮಾಡಿದ್ದು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿ ಹೇಳಿದ್ದು, ಈ ಶತಮಾನದಲ್ಲಿ ಅಟ್ಲಾಂಟಿಕ್ ಸುತ್ತು ದುರ್ಬಲವಾಗುವ ಸಾಧ್ಯತೆ ತುಂಬಾ ಹೆಚ್ಚು, 2100ರೊಳಗೆ ದಿಢೀರ್ ಕುಸಿಯಲಿಕ್ಕಿಲ್ಲ ಅನ್ನುವುದರಲ್ಲಿ ಮಧ್ಯಮ ವಿಶ್ವಾಸ. ಆಮೇಲೆ ಇದಕ್ಕಿಂತ ಆತಂಕದ ಲೆಕ್ಕಗಳೂ ಬಂದಿವೆ, ಚರ್ಚೆ ನಡೀತಿದೆ. ವಿಡಿಯೋಗೆ ಹೆದರಿದಿರಿ, ವಿವರಿಸಲು ಬಂದ ಹುಡುಗಿಗೆ ನಕ್ಕಿರಿ. ನನ್ನ ಹೊಟ್ಟೆ ಉರಿದದ್ದು ಅಲ್ಲಿ.

2018ರ ಆಗಸ್ಟ್ ಆದಮೇಲೆ ರಾತ್ರಿ ಜೋರು ಮಳೆಗೆ ನನಗೆ ನಿದ್ದೆ ಬರಲ್ಲ. ಮಕ್ಕಂದೂರು, ಜೋಡುಪಾಲದ ಗುಡ್ಡ ಜಾರಿದ್ದಕ್ಕೆ ಅಟ್ಲಾಂಟಿಕ್ ಕಾರಣ ಅಂತ ನಾನು ಹೇಳ್ತಿಲ್ಲ, ಅವಳೂ ಹೇಳಲಿಲ್ಲ. ಮುಂಗಾರು ಎಷ್ಟರ ಮಟ್ಟಿಗೆ ಬದಲಾಗಬಲ್ಲದು, ಎಷ್ಟು ಬೇಗ ಬದಲಾಗಬಲ್ಲದು ಅಂತ ತಿಳಿಯುವ ಹಟ ನಮಗೆ ಎಲ್ಲರಿಗಿಂತ ಹೆಚ್ಚು ಇರಬೇಕಿತ್ತು.

ಅವಳನ್ನು ಕಟ್ಟಿಹಾಕಲೇಬೇಕಿದ್ದರೆ ಒಳ್ಳೆ ಪ್ರಶ್ನೆ ಇದೆ. 21 ಸಾವಿರ ವರ್ಷ ಓಡಿಸಿದ ಆ ಪ್ರಯೋಗದಲ್ಲಿ ವಾತಾವರಣದ ಒಂದು ಚೌಕ ಸುಮಾರು 400 ಕಿಲೋಮೀಟರ್. ಮಂಗಳೂರಿನಿಂದ ಬೆಂಗಳೂರು ದಾಟುವವರೆಗೆ ಒಂದೇ ಚೌಕ, ಮಧ್ಯೆ ಇಡೀ ಕೊಡಗು ಮಾಯ. ಮಳೆ ಸುರಿಯುವ ಭಾಗಮಂಡಲಕ್ಕೂ ಮಳೆ ಕಡಿಮೆಯ ಕುಶಾಲನಗರಕ್ಕೂ ಅದರಲ್ಲಿ ಒಂದೇ ಮಳೆ. ನಮ್ಮ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ 1,748 ಮೀಟರ್, ನಿಮ್ಮ ಮಾಡೆಲ್‌ನಲ್ಲಿ ಸಹ್ಯಾದ್ರಿ ಎಷ್ಟು ಎತ್ತರ ಇದೆಯಮ್ಮಾ, ಅದಿಲ್ಲದೆ ನಮ್ಮ ಮಳೆ ಬಗ್ಗೆ ಏನು ಹೇಳಬಹುದು, ಏನು ಹೇಳಬಾರದು? ಇದನ್ನು ಕೇಳಿ, ನಾನೂ ನಿಮ್ಮ ಪಕ್ಕ ನಿಲ್ತೀನಿ.

ಅವಳು ಇನ್ನೂ ಊರಲ್ಲೇ ಇದ್ದಾಳೆ. ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಮನೆಗೆ ಬರಲು ಒಪ್ಪಿದ್ದಾಳೆ, ಕೇಳುವ ಮನಸ್ಸಿದ್ದವರು ಬನ್ನಿ, ಊಟ ಇಲ್ಲೇ. ಹಳೆ ಮಳೆ ಪುಸ್ತಕ ಇದ್ದವರು ಮರೆಯದೆ ತನ್ನಿ. ಗೆದ್ದಲು ಹತ್ತಿದ್ದರೂ ಪರವಾಗಿಲ್ಲ, ಪುಟ ಪುಟ ಫೋಟೋ ತೆಗೆದುಕೊಳ್ತೀವಿ.